ಗಟ್ಟಿಮೇಳಕ್ಕೆ ಎತ್ತಿದ ಕೈ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಮಾತನ್ನು ಆಡಿದವನು ನಾನು. ಮಹದೇವನಲ್ಲ. ಲಂಕೆಯ ಯುದ್ಧಕ್ಕೆ ಹೆದರಿ ದೋಣಿ ಹತ್ತಿ ಬಂದಿದ್ದ ಡೋಲಿನ ಶಿವಪಾದಂ ಜಾಫ್ನಾದವನೆಂದು ಸುಬೇದಾರರ ಕಿವಿಗೆ ಹಾಕಿದ್ದು ನಾನೇ — ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಹದಿಮೂರು ವರ್ಷ ಬೇಕಾಯಿತು.

ಅದು ತೊಂಬತ್ತೊಂದನೇ ಇಸವಿ, ಹನೂರಿನ ಛತ್ರದಲ್ಲಿ ನನ್ನ ತಂಗಿಯ ಮದುವೆ. ಹಿಂದಿನ ತಿಂಗಳಷ್ಟೇ ತಮಿಳುನಾಡಿನಲ್ಲಿ ಬಾಂಬು ಸಿಡಿದು ಮಾಜಿ ಪ್ರಧಾನಿ ಸತ್ತಿದ್ದರು. ಕೊಳ್ಳೇಗಾಲದ ಬಸ್ ನಿಲ್ದಾಣದ ಗೋಡೆಗಳ ತುಂಬ ಪೊಲೀಸರು ಹುಡುಕುತ್ತಿದ್ದವರ ಫೋಟೋಗಳು. ಹುಟ್ಟಿದಾಗಿನಿಂದ ಮನೆಯಲ್ಲಿ ತಮಿಳು ಆಡಿದ ನಮ್ಮೂರಿನವರೇ ಬಸ್ಸಿನಲ್ಲಿ ಕನ್ನಡಕ್ಕೆ ತಿರುಗಿದ್ದರು. ಪಕ್ಕದಲ್ಲಿ ಕೂತವನ ಚೀಲ ಸ್ವಲ್ಪ ಉಬ್ಬಿದ್ದರೆ ನಾನೂ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದೆ. ಬಿ.ಎ., ಬಿ.ಎಡ್. ಓದಿ ಮೇಷ್ಟ್ರಾಗಿದ್ದವನು.

ವಾಲಗಕ್ಕೆ ಯಳಂದೂರಿನ ನಂಜುಂಡಪ್ಪನವರನ್ನು ಗೊತ್ತುಮಾಡಿದ್ದೆ. ನಾಗಸ್ವರ ಅವರದು; ಡೋಲು ಎರಡು — ಒಂದು ಅವರ ಮಗ ಮಹದೇವನದು, ಇನ್ನೊಂದು ಶಿವಪಾದಂ ಎಂಬ ಹೊಸಬನದು. ವೀಳ್ಯ ಕೊಡಲು ಹೋದ ಸಂಜೆ ಅವನು ಜಗಲಿಯ ಮೇಲೆ ಸಾಧನೆ ಮಾಡುತ್ತಿದ್ದ. ಮೈಸೂರಿನಲ್ಲಿ ಓದುವಾಗ ಕಚೇರಿಗಳನ್ನು ಕೇಳಿದ್ದ ನನಗೆ ಅದು ಯಾವ ಮಟ್ಟದ ಕೈ ಎಂದು ತಿಳಿಯದೆ ಇರಲಿಲ್ಲ. ಯಾರ ಬಳಿ ಕಲಿತಿರಿ ಎಂದು ಕೇಳಿದೆ. ಅವನು ನಂಜುಂಡಪ್ಪನವರ ಮುಖ ನೋಡಿದ. ಅವರು ತಲೆಯಾಡಿಸಿದರು.

"ತಂಬಿ, ನಾನ್ ಯಾಳ್ಪಾಣಂ. ಜಾಫ್ನಾ. ಅಪ್ಪಾ ಕಿಟ್ಟೆ ಕಲ್ತಿದ್ದು. ಯಾರ್ಗೂ ಹೇಳ್ಬೇಡಾ."

ಹೇಳುವುದಿಲ್ಲ ಎಂದೆ. ಅಲ್ಲಿಗೆ ಗುಟ್ಟು ತಿಳಿದವರು ತಂದೆ, ಮಗ, ನಾನು. ಅವನು ತನ್ನ ಬಲಗೈ ಬೆರಳುಗಳನ್ನೂ ಆ ಸಂಜೆ ತೋರಿಸಿದ. ಡೋಲಿನವರು ಬಟ್ಟೆಯ ಪಟ್ಟಿಯನ್ನು ಮೈದಾ ಅಂಟಿನಲ್ಲಿ ಅದ್ದಿ ಬೆರಳಿಗೆ ಸುತ್ತಿ ಒಣಗಿಸುತ್ತಾರೆ. ಅದು ಕಲ್ಲಿನಂಥ ಚಿಪ್ಪಾಗುತ್ತದೆ, ಡೋಲಿನ ಬಿಗಿ ಚರ್ಮಕ್ಕೆ ಬರಿಬೆರಳು ಸಾಲದು. ಎಳೆದರೆ ಬರುವುದಿಲ್ಲ, ನೀರಿನಲ್ಲಿ ನೆನೆಸಿದರೆ ತಾನೇ ಬಿಡುತ್ತದೆ ಎಂದ. ಇದು ನನಗೆ ಗೊತ್ತಿತ್ತು — ಮದುವೆಯ ದಿನ ಗೊತ್ತಿತ್ತು.

ಆದರೂ ಗುಟ್ಟು ಕೇಳಿಸಿಕೊಂಡ ಮೇಲೆ ಅವನು ಮಾಡಿದ್ದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು. ಮದುವೆಯ ಹಿಂದಿನ ದಿನ ಛತ್ರದಲ್ಲಿ ರೇಡಿಯೋ ವಾರ್ತೆ ಶುರುವಾದೊಡನೆ ಎದ್ದು ಹೊರಗೆ ಹೋದ. ಯಾಕೆ? ಮಾದಪ್ಪನ ಬೆಟ್ಟದ ಬಸ್ಸು ಎಷ್ಟು ಹೊತ್ತಿಗೆ ಎಂದು ಅಡುಗೆಯವರನ್ನು ಕೇಳಿದ. ಹನೂರಿಗೆ ಬಂದ ಯಾರಾದರೂ ಕೇಳುವ ಪ್ರಶ್ನೆ — ಮಾದಪ್ಪನಿಗೆ ಕೈಮುಗಿಯಬೇಕೆಂದಿದ್ದನೋ ಏನೋ. ನನಗೆ ಮಾತ್ರ ಬೆಟ್ಟದ ಆಚೆಯ ತಮಿಳುನಾಡಿನ ಗಡಿಯಷ್ಟೇ ನೆನಪಾಯಿತು.

ಬೆಳಿಗ್ಗೆ ಗಂಡಿನ ಚಿಕ್ಕಪ್ಪ ಸುಬೇದಾರರು ನನ್ನನ್ನು ಕೈಸನ್ನೆ ಮಾಡಿ ಕರೆದರು. ಶಾಂತಿಪಾಲನಾ ಪಡೆಯಲ್ಲಿ ಲಂಕೆಗೆ ಹೋಗಿ ಒಂದು ಪಾದ ಕಳೆದುಕೊಂಡು ಬಂದಿದ್ದವರು. ಸುತ್ತ ಅವರ ಕಡೆಯ ಹುಡುಗರು.

"ಮೇಷ್ಟ್ರೇ, ಆ ಡೋಲ್ನೋನು ಯಾವೂರೋನು?"

"ಯಳಂದೂರು ಸೆಟ್ಟು."

"ನಂಗೇ ಯೋಳ್ತೀರಾ? ಆ ಮಾತ್ ಕೇಳ್ಕಂಡೇ ಕಾಲ್ ಕಳ್ಕಂಡಿವ್ನಿ. ನಮ್ ಸತ್ಯಮಂಗಲದ್ ಕಡೆ ತಮಿಳಲ್ಲ ಅದು. ಬೆರಳ್ಗೆ ಪಟ್ಟಿ ಬೇರೆ ಸುತ್ಕಂಡವ್ನೆ. ಏನ್ ಕಟ್ಟಕ್ಕೋಗಿ ಸುಟ್ಕಂಡವ್ನೋ!"

"ಮದ್ವೆ ಪಟಾಕಿ ಅವ್ನೇ ತಂದವ್ನೆ ಕಣ್ಲಾ," ಎಂದು ಒಬ್ಬ ನಕ್ಕ.

ಅದೇ ಚಿಪ್ಪು ಮಹದೇವನ ಬೆರಳಿಗೂ ಇತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮೈದಾ ಅಂಟು ಸಾರ್, ನೀರಿಗೆ ಬಿಡುತ್ತೆ — ಇಷ್ಟು ಹೇಳಬಹುದಿತ್ತು. ನಾನು ಛತ್ರದ ಗಡಿಯಾರ ನೋಡಿದೆ. ಏಳು ಇಪ್ಪತ್ತು. ಮದುವೆ ನಿಂತುಬಿಟ್ಟರೆ, ಇಂಥವನನ್ನು ಕರೆಸಿದ್ದು ನಾನೇ ಎಂದು ಪೊಲೀಸರು ನನ್ನನ್ನು ಹಿಡಿದರೆ — ಸುಬೇದಾರರ ಕಿವಿಯ ಬಳಿ ಬಗ್ಗಿದೆ.

"ಜಾಫ್ನಾದವ್ನು. ನಂಗೂ ಅನುಮಾನ ಇತ್ತು ಸಾರ್. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

"ನೀವ್ ತಂಗಿ ಮದ್ವೆ ನೋಡ್ಕಳಿ," ಎಂದರು.

ಮುಹೂರ್ತಕ್ಕೆ ಮುಂಚೆ ಆ ಹುಡುಗರಲ್ಲಿ ಇಬ್ಬರು ಬಂದು, ಕಾಫಿ ಕುಡಿದು ಬರುವೆಯಂತೆ ಬಾ ಎಂದು ಶಿವಪಾದಂನನ್ನು ಹಿತ್ತಲಿಗೆ ಕರೆದೊಯ್ದರು. ನಾನು ಮಂಟಪದ ಬಳಿ ನಿಂತಿದ್ದೆ. ಪುರೋಹಿತರ ಮಂತ್ರ ನಡೆದಿತ್ತು. ಆಗ ಹಿಂಬಾಗಿಲ ಕಡೆಯಿಂದ ಒಂದು ಕೂಗು — "ತಂಬೀ!" ಅವನು ಹಾಗೆ ಕರೆಯುತ್ತಿದ್ದುದು ನನ್ನನ್ನೇ. ತಂಗಿ ತಲೆಯೆತ್ತಿದಳು. ಮುಂದಿನ ಸಾಲಿನ ಹೆಂಗಸರು ತಿರುಗಿದರು.

ನಾನು ಕೈ ಎತ್ತಿದೆ. "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದೆ.

ತಾಳಿ ಕಟ್ಟುವಾಗ ಅಳು, ಸೀನು, ಅಪಶಕುನದ ಯಾವ ಸದ್ದೂ ಕೇಳದಿರಲೆಂದು ಬಾರಿಸುವ ಮೇಳ ಅದು. ಪುರೋಹಿತರ ಮಂತ್ರ ಇನ್ನೂ ಮುಗಿದಿರಲಿಲ್ಲ. ಆದರೆ ಹೆಣ್ಣಿನ ಅಣ್ಣನೇ ಕೈ ಎತ್ತಿದ ಮೇಲೆ ವಾಲಗದವರು ಪ್ರಶ್ನೆ ಮಾಡುವುದುಂಟೆ? ನಂಜುಂಡಪ್ಪನವರು ಕೆನ್ನೆಯುಬ್ಬಿಸಿ ಊದಿದರು. ಮಹದೇವ ಒಬ್ಬನೇ ಇಬ್ಬರ ಪಾಲಿನದನ್ನು ಬಾರಿಸಿದ. ಪುರೋಹಿತರು ಗಾಬರಿಯಾಗಿ ತಾಳಿಯನ್ನು ಗಂಡಿನ ಕೈಗೆ ತುರುಕಿದರು. ಅಕ್ಷತೆ ಬಿತ್ತು. ನಾನು ಕೈ ಇಳಿಸಲಿಲ್ಲ — ಮೂರು ಗಂಟು ಬಿದ್ದ ಮೇಲೂ ಇಳಿಸಲಿಲ್ಲ. ಹಿತ್ತಲಿನದು ಏನೂ ಕೇಳಿಸಲಿಲ್ಲ.

ಆಮೇಲೆ ನೋಡಿದೆ. ಒರಳುಕಲ್ಲಿನ ಮೇಲೆ ಅವನ ಬಲಗೈ ಇರಿಸಿ, ಗುಂಡುಕಲ್ಲಿನಿಂದ ಚಿಪ್ಪುಗಳನ್ನು ಒಡೆದಿದ್ದರು. ಒಳಗೆ ಸುಟ್ಟ ಗಾಯ ಇರಲಿಲ್ಲ. ಜಜ್ಜಿಹೋದ ಬೆರಳುಗಳಿದ್ದವು. ಸುಬೇದಾರರು ಗೋಡೆ ಹಿಡಿದು ನಿಂತು, "ಏನೂ ಇಲ್ವಲ್ಲೋ... ಏನೂ ಇಲ್ವಲ್ಲೋ" ಎನ್ನುತ್ತಿದ್ದರು. ಶಿವಪಾದಂ ನನ್ನನ್ನು ನೋಡಿದ. ನಾನೇ ಎಂದು ಅವನಿಗೆ ತಿಳಿದಿತ್ತೋ ಇಲ್ಲವೋ — ನನಗೆ ಇಂದಿಗೂ ಗೊತ್ತಿಲ್ಲ.

ಪೊಲೀಸರು ಒಯ್ದರು, ವಿಚಾರಿಸಿ ಬಿಟ್ಟರು. ನಂಜುಂಡಪ್ಪನವರು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿಸಿದರು. ಅವನು ತಾನು ಬಿಟ್ಟು ಬಂದಿದ್ದ ತಮಿಳುನಾಡಿನ ನಿರಾಶ್ರಿತರ ಶಿಬಿರಕ್ಕೆ ಹಿಂದಿರುಗಿದ. ಮುಂದೆ ಸುದ್ದಿಯಿಲ್ಲ.

ಇಷ್ಟೇ ಆಗಿದ್ದರೆ ಹೇಡಿತನ ಎನ್ನಬಹುದಿತ್ತೇನೋ. ಕೆಲವು ವಾರಗಳ ನಂತರ ನಂಜುಂಡಪ್ಪನವರು ನನ್ನ ಶಾಲೆಗೆ ಬಂದರು.

"ಗೊತ್ತಿದ್ದುದ್ದು ಮೂರೇ ಜನಕ್ಕೆ ಸಾ. ನೀವು ಓದಿದೋರು, ನಿಮ್ ಬಾಯಿಂದ ಅಂಥ ಮಾತ್ ಬರಲ್ಲ. ನಮ್ ಮಾದೇವ್ನೇ ಆಡ್ಬುಟ್ಟವ್ನೆ. ಅವ್ನ ಕೈ ಕಂಡು ವಟ್ಟೆ ಉರಿ ಇವ್ನಿಗೆ. ಏನಂತೀರಿ?"

"ಇರಬಹುದು" ಎಂದೆ.

ತಂದೆ ಮಗನ ಕೈಯಿಂದ ಡೋಲು ಕಿತ್ತುಕೊಂಡರು, ಮನೆಯಿಂದ ಹೊರಗೆ ಹಾಕಿದರು. ಮಹದೇವ ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುವವನಾದ. ಎದುರಾದಾಗಲೆಲ್ಲ "ಚೆಂದಾಗಿದ್ದೀರಾ ಸಾ?" ಎನ್ನುತ್ತಿದ್ದ. ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಆ "ತಂಬೀ", ಅದರ ಮೇಲೆ ಡೋಲು, ಎದ್ದು ಕೂರುತ್ತಿದ್ದೆ. ಯಾರಾದರೂ ನನ್ನನ್ನು ದಿಟ್ಟಿಸಿದರೆ ಇವನಿಗೆ ಗೊತ್ತಿದೆ ಎನ್ನಿಸುತ್ತಿತ್ತು. ಸುಬೇದಾರರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ಸಮಾಧಾನ. ಆ ಸಮಾಧಾನವೇ ನನ್ನನ್ನು ಹೆದರಿಸಿತು.

ಈ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಯಳಂದೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ನಂಜುಂಡಪ್ಪನವರಿಗೆ ಹಲ್ಲು ಬಿದ್ದಿದೆ, ಊದುವುದು ನಿಂತಿದೆ.

"ಮಂತ್ರ ಮುಗಿಯಕ್ ಮುಂಚೇನೆ ಕೈ ಎತ್ತುದ್ರಲ್ಲ... ಊದುದ್ನಲ್ಲ ಸಾ ನಾನು. ನನ್ ಕೈಲೇ ಊದ್ಸುಬುಟ್ರಲ್ಲ." ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ಏಳಿ. ಬಸ್ಸದೆ. ಅವ್ನ ಮುಂದೆ ಯೋಳಿ."

ಗೂಡಿನ ರಾಶಿಗಳ ನಡುವೆ, ಹರಾಜಿನ ಗದ್ದಲದಲ್ಲಿ, ಮತ್ತೊಮ್ಮೆ ಹೇಳಿದೆ. ಮಹದೇವ ಮೂಟೆ ಇಳಿಸಿ ಕೇಳಿದ. ಮುಗಿದ ಮೇಲೆ ನನ್ನ ಕಡೆ ನೋಡದೆ, "ಅಪ್ಪ, ಉಂಡ್ಯಾ?" ಎಂದ. ಮುದುಕರು ಇಲ್ಲವೆಂದು ತಲೆಯಾಡಿಸಿದರು. "ನೀವ್ ಓಗಿ ಸಾ," ಎಂದ ನನಗೆ.

ತಂಗಿಗೆ ಇದು ತಿಳಿಯುವುದು ಇದನ್ನು ಓದಿದ ಮೇಲೆಯೇ.

ಮಹದೇವನಿಗೆ ಹೇಳಿ ಬಂದ ರಾತ್ರಿ ಮಲಗಿದವನು ನಡುವೆ ಎದ್ದು ಕೂರಲಿಲ್ಲ. ಕಣ್ಣು ಬಿಟ್ಟಾಗ ಬೆಳಕಾಗಿ ಹಾಲಿನವನು ಬಂದು ಹೋಗಿದ್ದ. ಅಷ್ಟು ವರ್ಷಗಳಲ್ಲಿ ಮೊದಲ ಸಲ — ನನಗೆ ನಾಚಿಕೆಯಾಯಿತು. ಶಿವಪಾದಂ ಕಡಲಿನ ಯಾವ ದಡದಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಅವನಿಗೆ ಹೇಳುವುದು ಇನ್ನೂ ಉಳಿದಿರುವಾಗಲೇ ನಾನು ಬೆಳಗಿನವರೆಗೂ ನಿದ್ದೆ ಮಾಡಿಬಿಟ್ಟಿದ್ದೆ.