ಜುಂಜಮ್ಮ ಕೇಳದೆ ಬಿಟ್ಟ ಪ್ರಶ್ನೆ

ಸಂಶೋಧನಾ ಪ್ರಬಂಧದ ರೆಕ್ಸಿನ್ ಹೊದಿಕೆಗೆ ಹಚ್ಚಿದ ಅಂಟಿನ ವಾಸನೆ ನಿಮಗೆ ಗೊತ್ತೋ ಇಲ್ಲವೋ. ನನಗಂತೂ ಅದು ಮೂಗಿಗೆ ಬಡಿದರೆ ಯಾರೋ ಡಾಕ್ಟರೇಟ್ ಮುಗಿಸಿದರು ಅಂತಲೇ ಅರ್ಥ. ಮೊನ್ನೆ ಅಂಚೆಯ ಕಟ್ಟು ಬಿಚ್ಚಿದಾಗ ಅದೇ ವಾಸನೆ. ನೀಲಿ ಹೊದಿಕೆಯ ಮೇಲೆ ಬಂಗಾರದ ಬಣ್ಣದಲ್ಲಿ 'ವಿಶ್ವವಿದ್ಯಾಲಯ ಗ್ರಂಥಾಲಯಗಳ ಕುರಿತ ಸಂಶೋಧನೆಯ ಒಲವುಗಳು'. ಕೆಳಗೆ ಜುಂಜಮ್ಮನ ಹೆಸರು. ಖುಷಿಯಾಗಬೇಕಿತ್ತು. ಆಗಲಿಲ್ಲ ನೋಡಿ.

ನಾನು ಶಿರಾ ಬಳಿಯ ಸ್ನಾತಕೋತ್ತರ ಕೇಂದ್ರದ ಗ್ರಂಥಪಾಲಕ. ವಿಶ್ವವಿದ್ಯಾಲಯ ಎಲ್ಲೋ ದೂರದಲ್ಲಿದೆ, ನಾವು ಅದರ ಬಾಲ. ಮಧುಗಿರಿಯಿಂದ ಬಸ್ಸಿನಲ್ಲಿ ಬಂದು, ಬೀಗ ತೆಗೆದು, ಎಲ್ಲರಿಗೂ 'ಶ್' ಎನ್ನುವುದೇ ನನ್ನ ವೃತ್ತಿ. ಮನೆಯಲ್ಲೂ ಆ ಚಾಳಿ ಬಿಟ್ಟಿಲ್ಲ ಅಂತ ಹೆಂಡತಿ ಬೈಯುತ್ತಾಳೆ.

ಜುಂಜಮ್ಮ ನಮ್ಮಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದವಳು. ಬುಕ್ಕಾಪಟ್ಟಣದ ಕಡೆ ಕುರಿ ಕಾಯುವವರ ಮನೆಯ ಹುಡುಗಿ. ಬಾಗಿಲ ಬಳಿ ಕೂತು ಪುಸ್ತಕಕ್ಕಿಂತ ಹೆಚ್ಚಾಗಿ ಬರುವವರನ್ನೇ ನೋಡುತ್ತಿದ್ದಳು, ಮಂದೆಯಲ್ಲಿ ಯಾವುದು ತಪ್ಪಿಸಿಕೊಂಡಿತು ಅಂತ ಹುಡುಕುವವರ ಹಾಗೆ. ಬಲಸಮುದ್ರ, ರಾಯಚರ್ಲು ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ತೆಲುಗು ಮಾತಿನ ಹುಡುಗಿಯರು ದಿನವೂ ಬಂದು ಒಂದು ಪುಸ್ತಕ ಎದುರಿಗಿಟ್ಟುಕೊಂಡು, ಸಂಜೆಯವರೆಗೂ ಹಾಳೆ ತಿರುವದೆ ಕೂತಿರುತ್ತಿದ್ದರು. ಫ್ಯಾನಿನ ಗಾಳಿಗೆ ಬರುತ್ತಾರೆ ಬಿಡು ಎಂದು ನಾನು ಗೊಣಗಿದೆ. ಅವಳು ಬಿಡಲಿಲ್ಲ. ತನ್ನ ಹರಕು ತೆಲುಗಿನಲ್ಲಿ ಅವರನ್ನು ಮಾತಾಡಿಸಿಕೊಂಡು ಬಂದಳು.

“ಓದಕ್ಕಲ್ಲ ಸಾ. ಎದ್ದೇಳು ಅನ್ನೋರು ಇಲ್ದಿರೋ ಜಾಗ ಅಂದ್ರೆ ಅವ್ರಿಗೆ ಇದೊಂದೇಯಂತೆ. ನಂಗೂ ಅಂಗೇಯ. ಲೈಬ್ರರಿ ನಿಮ್ಗೆ ಏನಕ್ಕೆ ಅಂತ ಇವ್ರನ್ನ ಯಾರಾನ ಕೇಳವ್ರಾ? ನಾನು ಕೇಳ್ತೀನಿ.”

ಅದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡು ವಿಶ್ವವಿದ್ಯಾಲಯಕ್ಕೆ ಹೋದಳು. ಅವಳ ಮಾರ್ಗದರ್ಶಕರು ಕೊರಟಗೆರೆಯವರು, ಒಳ್ಳೆಯವರೇ. ಈಗಿನ ಗಾಳಿ ಬೇರೆ ಎಂದರಂತೆ. ಜನರನ್ನು ಕೇಳುತ್ತಾ ಕೂತರೆ ಯಾವ ಸಂಶೋಧನಾ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಗ್ರಂಥಾಲಯಗಳ ಬಗ್ಗೆ ಬಂದ ಲೇಖನಗಳನ್ನೆಲ್ಲ ಕಂಪ್ಯೂಟರಿಗೆ ತುಂಬು, ಯಾವ ವಿಷಯ ಏರಿತು, ಯಾವುದು ಇಳಿಯಿತು ಎಣಿಸು, ಬಣ್ಣದ ನಕ್ಷೆ ಬರುತ್ತೆ ಎಂದರಂತೆ. ಗ್ರಂಥಾಲಯಕ್ಕೆ ಕಾಲಿಡದೆ ಗ್ರಂಥಾಲಯದ ಸಂಶೋಧನೆ! ಅವಳು ಬಹಳ ದಿನ ವಾದ ಮಾಡಿ ಸೋತಳು. “ಬುಡಿ ಸಾ, ಇದು ಮುಗೀಲಿ, ಆಮೇಲೆ ಅದ್ನ ಕೇಳ್ತೀನಿ” ಅಂತ ಫೋನಿನಲ್ಲಿ ಹೇಳಿದಳು. ಆ 'ಆಮೇಲೆ'ಯನ್ನು ನಾನು ಆಗಲೂ ನಂಬಲಿಲ್ಲ.

ಅಷ್ಟರಲ್ಲಿ ನಮ್ಮ ಓದುವ ಕೋಣೆ ಉತ್ತರಪತ್ರಿಕೆಗಳ ಉಗ್ರಾಣವಾಯಿತು. ಪುಸ್ತಕವೆಲ್ಲ ಫೋನಿನಲ್ಲೇ ಸಿಗುವಾಗ ಕುರ್ಚಿ ಯಾಕೆ ಎಂದರು ಮೇಲಿನವರು. ಪುಸ್ತಕಕ್ಕಲ್ಲ, ಕೂರುವುದಕ್ಕೇ ಬರುತ್ತಾರೆ ಎಂದೆ. ಹಾಗಂತ ಯಾರು ಬರೆದಿದ್ದಾರೆ, ತೋರಿಸಿ ಎಂದರು. ಯಾರೂ ಬರೆದಿರಲಿಲ್ಲ. ಆ ಊರುಗಳ ಹುಡುಗಿಯರು ಒಂದಷ್ಟು ದಿನ ಬಾಗಿಲ ತನಕ ಬಂದು ನಿಂತು ಹೋದರು, ಆಮೇಲೆ ಅದನ್ನೂ ಬಿಟ್ಟರು. ಎಲ್ಲಿ ಕೂರುತ್ತಾರೋ ಏನೋ.

ಮೊನ್ನೆ ಆ ಪ್ರಬಂಧವನ್ನು ಉತ್ತರಪತ್ರಿಕೆಯ ಮೂಟೆಗಳ ಮೇಲಿಟ್ಟುಕೊಂಡು ಓದಿದೆ. ಬಲಸಮುದ್ರದ ಹೆಸರು ಎಲ್ಲೂ ಇಲ್ಲ. ಕೊನೆಯ ಅಧ್ಯಾಯದಲ್ಲಿ ಒಂದು ಕೆಂಪು ಗೆರೆ ಕೆಳಕ್ಕೆ ಜಾರಿದೆ. ಗ್ರಂಥಾಲಯಕ್ಕೆ ಬರುವವರನ್ನು ಕುರಿತ ಅಧ್ಯಯನಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ ಎಂದು ಅದರಡಿ ಬರೆದಿದ್ದಾಳೆ. ಫೋನು ಮಾಡಿ ಅಭಿನಂದನೆ ಹೇಳಿದೆ.

“ಕೆಂಪು ಗೆರೆ ನೋಡಿದ್ರಾ ಸಾ? ಅದ್ನ ಇಳ್ಸಿದೋರಲ್ಲಿ ನಾನೂ ಒಬ್ಳು” ಅಂದಳು. ಹಿಂದೆಯೇ ಕೇಳಿದಳು: “ಈಗ್ಲಾದ್ರೂ ಬಂದು ಕೇಳ್ತೀನಿ. ಹುಡ್ಗೀರು ಇನ್ನೂ ಬತ್ತಾರಲ್ವಾ ಸಾ?”

“ಕುರ್ಚಿ ತೆಗೆದ್ಬುಟ್ರು ಕಣಮ್ಮ” ಅಂದೆ.

ಜೀವಮಾನವೆಲ್ಲ ಬೇರೆಯವರಿಗೆ 'ಶ್' ಎಂದವನು, ಫೋನು ಕಿವಿಗಿಟ್ಟುಕೊಂಡು ಅವಳು ಏನಾದರೂ ಮಾತಾಡಲಿ ಅಂತ ನಿಂತೇ ಇದ್ದೆ.