ಸದ್ದಿಲ್ಲದ ಟಂಟಂ

ಕುಳಗೇರಿ ಕ್ರಾಸಿನಿಂದ ಬಾದಾಮಿಗೆ ಟಂಟಂ ಆಟೊ ಓಡಿಸುತ್ತಿದ್ದ ಡ್ರೈವರನ ಪಕ್ಕದಲ್ಲೇ ನಾನು ದಿನಾಲೂ ಕೆಲಸಕ್ಕೆ ಹೋಗುವಾಗ ಕೂಡುತ್ತಿದ್ದೆ. ಡೀಸೆಲ್ ಎಂಜಿನ್ನಿನ ಗದ್ದಲದಲ್ಲಿ ಆತ ಗುಟ್ಟನ್ನೂ ಒದರಿಯೇ ಹೇಳುತ್ತಿದ್ದ. ಕೊನೆಗೆ "ಯಾರ ಮುಂದೂ ಹೇಳಬ್ಯಾಡ್ರಿ ಮತ್ತ" ಎಂದು ಹಾರ್ನ್ ಒತ್ತುತ್ತಿದ್ದ.

ಹೋದ ವರ್ಷ ಬ್ಯಾಟರಿ ಟಂಟಂ ತಂದ. ಪೆಟ್ರೋಲ್ ಪಂಪಿನ ದಾರಿಯನ್ನೇ ಮರೆತ. ಮನೆಯಲ್ಲೇ ಚಾರ್ಜ್ ಮಾಡಿದರೆ ಗಾಡಿ ದಿನವೆಲ್ಲ ಓಡುತ್ತಿತ್ತು. ಗಾಡಿ ತಂದ ದಿನವೇ ಅದರ ಪೂಜೆಗೆ ಬನಶಂಕರಿ ಗುಡಿಗೆ ಹೊರಟಾಗ ನನ್ನನ್ನೂ ಕರೆದು ಪಕ್ಕದಲ್ಲಿ ಕೂಡಿಸಿಕೊಂಡಿದ್ದ; ಹಿಂದೆ ಅವನ ತಾಯಿ, ಹೆಂಡತಿ ಕೂತಿದ್ದರು. ಗಾಡಿ ಸದ್ದಿಲ್ಲದೆ ಸಾಗಿತ್ತು. ಆತ ಮಾತ್ರ ಹಳೇ ರೂಢಿಯಂತೆ ನನ್ನತ್ತ ಬಾಗಿ ಒದರಿದ: "ನಮ್ಮವ್ವನ ರೊಟ್ಟಿಗಿಂತ ನನ್ನ ಹೆಂಡ್ತಿ ರೊಟ್ಟಿ ಭಾಳ ಮೆತ್ತಗಿರ್ತಾವ್ರಿ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ!"

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ತಾಯಿ ಅವನ ಬೆನ್ನಿಗೊಂದು ಗುದ್ದಿ, ತಾನೂ ನಗುತ್ತ ಅಂದಳು: "ಇಷ್ಟ ವರ್ಷ ನಿನ್ನ ಬಚಾವ್ ಮಾಡಿದ್ದು ಆ ಡೀಸಲ್ ಸಪ್ಪಳ ನೋಡಲೇ, ಮಗನ!"