ತಟ್ಟೆಗಳು ವಾಪಸ್ ಬರುವ ಕಿಟಕಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಿಂಬಾಗಿಲಿನ ಬೀಗ ತೆಗೆದು ಒಳಗೆ ಬಂದವರೇ ನಲ್ಲಿ ತಿರುಗಿಸಿ, ನೀರು ಬಿಸಿಯಾಗುವ ತನಕ ಅದರ ಕೆಳಗೆ ಬೆರಳೊಡ್ಡಿ ನಿಲ್ಲುತ್ತಾರೆ. ಬಿಸಿ ತಾಗಿದ್ದೇ ತಡ, ರಬ್ಬರಿನ ಏಪ್ರನ್ ಕಟ್ಟಿ, ತೋಳು ಮೇಲೇರಿಸಿ, ರಾತ್ರಿ ನೆನೆಹಾಕಿಟ್ಟಿದ್ದ ದೊಡ್ಡ ಪಾತ್ರೆಯೊಂದರೊಳಗೆ ಭುಜದವರೆಗೂ ಕೈ ಇಳಿಸುತ್ತಾರೆ. "ಇದು ಓಟ್ಸ್ ಹಾಲು ಕಾಸೋ ಪಾತ್ರೆ. ಹಾಲು ಅಂತ ಸುಮ್ನೆ ಹೆಸ್ರು. ಗೋಂದು ಸಾರ್ ಇದು, ಗೋಂದು. ಇದರಲ್ಲಿ ಪುಸ್ತಕಕ್ಕೆ ಬೈಂಡು ಹಾಕ್ಬೋದು," ಎಂದು ನಗುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ.

ಈ ಊಟದ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವರು ಕಿಟಕಿ ಅಕ್ಕ. ತಿಂದಾದ ಮೇಲೆ ಜನ ತಟ್ಟೆಗಳನ್ನು ತಂದಿಡುವ ಎದೆಮಟ್ಟದ ಚೌಕ ಕಿಟಕಿಯೊಂದಿದೆ. ಅದರಾಚೆ ಮೂರು ತೊಟ್ಟಿ, ಒಂದು ಕಸದ ಡ್ರಮ್ಮು, ತೊಳೆದ ತಟ್ಟೆ ನಿಲ್ಲಿಸುವ ಕಂಬಿಗಳ ಸಾಲು. ಅವುಗಳ ನಡುವೆ ಐವತ್ತು ದಾಟಿದ, ಗಿಡ್ಡಗಿನ, ಬಾಯ್ತುಂಬ ಮಾತಾಡುವ ಈ ಹೆಂಗಸು. ರಜೆಯ ದಿನ ಸಾವಿರದ ಮೇಲೆ ತಟ್ಟೆಗಳು ಇವರ ಕೈ ದಾಟುತ್ತವಂತೆ. ಹೊರಗೆ ಕೂತು ತಿನ್ನುವವರಿಗೆ ಇವರಲ್ಲಿ ಕಾಣುವುದು ಆ ಎರಡು ಕೈ ಮಾತ್ರ.

ಇವತ್ತು ಅಕ್ಕನ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಮೂಲೆಯಲ್ಲಿರುವ ಅಂಗಡಿ ಅವರ ಗಂಡನದು. ಅದು ಉಳಿಯುತ್ತದೋ ಮುಚ್ಚುತ್ತದೋ ಎನ್ನುವುದನ್ನು ಮ್ಯಾನೇಜರ್ ಮೇಡಂ ಇವತ್ತು ಮಧ್ಯಾಹ್ನ ಹೇಳಲಿದ್ದಾರೆ.

ನಿಜ ಹೇಳಬೇಕೆಂದರೆ, ನಾನು ಈ ಜಾಗಕ್ಕೆ ಮೊದಲು ಬಂದದ್ದು ಅಕ್ಕನನ್ನು ನೋಡಲಿಕ್ಕಲ್ಲ, ತಿನ್ನಲಿಕ್ಕೆ. ಬಟ್ಟೆ ಮೂಟೆ ತುಂಬುತ್ತಿದ್ದ ಹಳೇ ಗೋದಾಮನ್ನು ಸುಣ್ಣ ಬಳಿದು, ಸುತ್ತ ಒಂಬತ್ತು ಅಂಗಡಿ, ನಡುವೆ ಉದ್ದದ ಮೇಜುಗಳನ್ನು ಹಾಕಿ ಊಟದ ಮನೆ ಮಾಡಿದ್ದಾರೆ. ಎಲ್ಲವೂ ವೀಗನ್. ಮಾಂಸ, ಮೀನು, ಮೊಟ್ಟೆ ಇಲ್ಲದಿರುವುದು ಸರಿ, ಹಾಲು, ಮೊಸರು, ಬೆಣ್ಣೆ, ಜೇನು ಕೂಡ ಹೊಸ್ತಿಲು ದಾಟುವಂತಿಲ್ಲ. ಕಾಫಿಗೆ ಹಾಲಿಲ್ಲದ ಕಡೆ ನನ್ನಂಥವನಿಗೇನು ಕೆಲಸ ಎಂದು ಮೂಗು ಮುರಿಯುತ್ತಲೇ ಬಂದವನು ಅಣಬೆಯ ಸೂಪು ಕುಡಿದೆ. ಇನ್ನೊಂದು ಬಟ್ಟಲು ಕೇಳಿದೆ. ಹುರಿದ ಬೇಳೆಯ ಬರ್ಗರ್ ತಿಂದೆ. ಕಡಲೆಕಾಯಿ ಹಾಲಿನ ಮೊಸರನ್ನು ಅನುಮಾನದಿಂದ ನೆಕ್ಕಿ ನೋಡಿ, ಆಮೇಲೆ ಚಮಚವನ್ನೂ ಬಿಡಲಿಲ್ಲ. ತೆಂಗಿನ ಹಾಲಿನ ಐಸ್‌ಕ್ರೀಮಿನ ಹೊತ್ತಿಗೆ ಸೊಂಟದ ಬೆಲ್ಟು ಒಂದು ತೂತು ಹಿಂದೆ ಸರಿದಿತ್ತು. ಪಕ್ಕದ ಮೇಜಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳಿಗೆ, "ಇದರಲ್ಲಿ ಬೆಣ್ಣೆ ಇಲ್ಲ ಅಂದ್ರೆ ನಾನು ನಂಬಲ್ಲ ಕಣೇ," ಎನ್ನುತ್ತ ಮೂರನೇ ಬಿಸ್ಕತ್ತಿಗೆ ಕೈ ಹಾಕುತ್ತಿದ್ದರು. ನಾನೂ ನಂಬುತ್ತಿರಲಿಲ್ಲ.

ತೃಪ್ತಿಯಿಂದ ತೇಗಿ, ತಟ್ಟೆ ತಂದು ಕಿಟಕಿಯಲ್ಲಿಟ್ಟು ತಿರುಗಿದವನನ್ನು ಒಳಗಿನ ದನಿಯೊಂದು ಹಿಡಿದು ನಿಲ್ಲಿಸಿತು. "ಬೀಟ್‌ರೂಟ್ ಯಾಕ್ ಬಿಟ್ರಿ? ಉಪ್ಪು ಜಾಸ್ತಿ ಆಗಿತ್ತಾ?"

ಬಗ್ಗಿ ನೋಡಿದೆ. ಕಿಟಕಿಯೊಳಗಿಂದ ಒಂದು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಚಿಕ್ಕಂದಿನಿಂದ ನನಗೂ ಬೀಟ್‌ರೂಟಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಒಪ್ಪಿಕೊಂಡೆ. "ಹಾಗಿದ್ರೆ ಅಡುಗೆಯವ್ರ ತಪ್ಪಲ್ಲ ಬಿಡಿ," ಎಂದು ನಿಟ್ಟುಸಿರು ಬಿಟ್ಟು ತಟ್ಟೆ ಒಳಗೆಳೆದುಕೊಂಡರು. ನಾನು ಬಿಟ್ಟ ತುಣುಕಿಗಾಗಿ ಇಷ್ಟು ತಲೆ ಕೆಡಿಸಿಕೊಂಡವರು ನನ್ನ ತಾಯಿಯ ನಂತರ ಇವರೊಬ್ಬರೇ. ಹಾಗಾಗಿ ಮುಂದಿನ ವಾರ ಅವರ ಮಾತು ಕೇಳಿ ಬರೆಯೋಣವೆಂದು ಕಿಟಕಿಯ ಈಚೆಯಿಂದ ಆಚೆಗೆ ದಾಟಿ ಬಂದೆ.

ಅಕ್ಕನಿಗೆ ಹುಟ್ಟಿದಾಗಿನಿಂದ ಮಾಂಸದ ವಾಸನೆ ಆಗಿಬರುವುದಿಲ್ಲ. ವ್ರತವೂ ಅಲ್ಲ, ನೇಮವೂ ಅಲ್ಲ. ತವರಿನಲ್ಲಿ ಎಲ್ಲರೂ ತಿನ್ನುವವರೇ. "ಹೊಟ್ಟೆ ಒಪ್ಪಲ್ಲ, ಅಷ್ಟೇ. ನಮ್ಮಮ್ಮ ಬೈದ್ರು, ಹೊಡೆದ್ರು, ಕೊನೆಗೆ ನನ್ಗೆ ಅಂತ ಬೇರೆ ಪಾತ್ರೆ ಇಟ್ರು," ಎನ್ನುತ್ತಾರೆ. ಇಂಥವರಿಗೆ ಸಿಕ್ಕ ಗಂಡ ಯಾರು? ಹೆದ್ದಾರಿ ಬದಿಯ ಹೋಟೆಲಿನಲ್ಲಿ ಮೂವತ್ತು ವರ್ಷ ಮಾಂಸದ ಅಡುಗೆ ಮಾಡಿ ಹೆಸರು ಮಾಡಿದ ಬಾಣಸಿಗ. ಮದುವೆಗೆ ಮುಂಚೆ ಹುಡುಗನ ಕೆಲಸ 'ಹೋಟೆಲು' ಎಂದಷ್ಟೇ ಹೇಳಿದ್ದರಂತೆ.

ಆದರೂ ಸಂಸಾರ ಚೆನ್ನಾಗಿಯೇ ಸಾಗಿತು. ಯಜಮಾನರು ಕೆಲಸ ಮುಗಿಸಿ ಬಂದವರು ಹಿತ್ತಲ ಬಚ್ಚಲಿಗೆ ಹೋಗಿ, ಸೋಪು ಹಚ್ಚಿ ತಿಕ್ಕಿ ಸ್ನಾನ ಮಾಡಿ, ಆಮೇಲೆ ಮನೆಯೊಳಗೆ ಕಾಲಿಡುತ್ತಿದ್ದರು. ಛಳಿಯಿರಲಿ, ಜ್ವರವಿರಲಿ, ಹೆಂಡತಿಗೆ ವಾಸನೆ ಬಡಿಯಬಾರದೆಂದು ತಾವೇ ಮಾಡಿಕೊಂಡ ಕಟ್ಟಳೆ. ದಿನವಿಡೀ ಒಲೆಯ ಮುಂದೆ ನಿಂತವರು ಮನೆಯಲ್ಲಿ ಒಲೆ ಮುಟ್ಟುತ್ತಿರಲಿಲ್ಲ. "ಅಪ್ಪ ಊರಿಗೆಲ್ಲ ಉಣ್ಸಿದ್ರು, ಮನೇಲಿ ನೀರೂ ಕಾಸ್ಲಿಲ್ಲ" ಎಂದು ಮಗಳು ಈಗಲೂ ಛೇಡಿಸುತ್ತಾಳಂತೆ. ಹೀಗೆ, ದೂರದ ಊರುಗಳಿಂದ ಜನ ಹುಡುಕಿಕೊಂಡು ಬಂದು ತಿನ್ನುತ್ತಿದ್ದ ಕೈಯ ಅಡುಗೆಯನ್ನು ಆ ಮನೆಯ ಹೆಂಗಸು ಒಂದು ತುತ್ತೂ ತಿಂದಿರಲಿಲ್ಲ.

ರಸ್ತೆ ಅಗಲವಾಯಿತು, ಹೋಟೆಲು ಹೋಯಿತು. ಅರವತ್ತರ ಹತ್ತಿರದ, ಮಂಡಿ ನೋವಿನ ಬಾಣಸಿಗನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅಕ್ಕ ಅಷ್ಟರಲ್ಲಾಗಲೇ ಇಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬೇರೆ ಕಡೆ ತೊಟ್ಟಿಯ ಮುಂದೆ ನಿಂತರೆ ವಾಸನೆ ತಡೆಯಲಾಗುತ್ತಿರಲಿಲ್ಲ, ಇಲ್ಲಿ ಆ ಕಾಟವಿಲ್ಲ. "ಮೊಟ್ಟೆ ವಾಸ್ನೆ ಇಲ್ಲ, ಕೊಬ್ಬಿನ ಜಿಡ್ಡಿಲ್ಲ. ಈ ಓಟ್ಸು, ಗೋಡಂಬಿ ಚೀಸು ಎರಡು ಬಿಟ್ರೆ ಸ್ವರ್ಗ ಸಾರ್." ಮನೆಯಲ್ಲಿ ಗಂಡ ಗೋಡೆ ನೋಡುತ್ತ ಕೂರುವುದನ್ನು ಸಹಿಸಲಾಗದೆ ಒಂದು ದಿನ ಮ್ಯಾನೇಜರ್ ಮೇಡಂ ಹತ್ತಿರ ಹೋದರು. ಖಾಲಿ ಬಿದ್ದ ಮೂಲೆ ಅಂಗಡಿಯನ್ನು ಅವರಿಗೆ ಕೊಡಿ, ಕೈ ಚೆನ್ನಾಗಿದೆ ಎಂದರು. ಮೇಡಂ, "ನೀವು ತಿಂದಿದೀರಾ?" ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರೋ ಅಕ್ಕನಿಗೇ ಗೊತ್ತಿಲ್ಲ. ಆರು ತಿಂಗಳು ನೋಡೋಣ ಎಂದರು ಮೇಡಂ.

ಯಜಮಾನರು ಹೊಸ ಹುಮ್ಮಸ್ಸಿನಲ್ಲಿ ಸೋಯಾ ಮತ್ತು ಗೋಧಿ ನಾದಿ, ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ಥೇಟು ಮಾಂಸದ ತುಂಡಿನಂತೆಯೇ ಕಾಣುವ ತುಂಡುಗಳನ್ನು ಮಾಡಿದರು. ತಮ್ಮ ಹಳೇ ಮಸಾಲೆಯಲ್ಲಿ ಬೇಯಿಸಿದರು. ಜೊತೆಗೆ ದಪ್ಪನೆಯ ಬ್ರೆಡ್ಡು. ಬಣ್ಣ, ನಾರು, ಅಗಿತ ಎಲ್ಲವೂ ಅದೇ. ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಧಾರೆಯೆರೆದಿದ್ದರು. ಮೊದಲ ದಿನವೇ ಅಕ್ಕನಿಗೊಂದು ಬಟ್ಟಲು ಕೊಟ್ಟರು.

"ಬಾಯಿಗಿಟ್ಟೆ, ಗಂಟಲಲ್ಲಿ ಇಳೀಲಿಲ್ಲ ಸಾರ್. ಅಷ್ಟು ಚೆನ್ನಾಗಿ ಮಾಂಸದ ಹಾಗೇ ಮಾಡ್ಬಿಟ್ಟಿದಾರೆ! ಅವ್ರು ಆ ಕಡೆ ತಿರುಗಿದಾಗ ಡ್ರಮ್ಮಿಗೆ ಹಾಕಿ, ಚೆನ್ನಾಗಿದೆ ರೀ ಅಂದೆ." ಅಕ್ಕ ಇದನ್ನು ಹೇಳುವಾಗ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿರುತ್ತಾರೆ.

ಅವತ್ತಿನಿಂದಲೇ ಮೂಲೆ ಅಂಗಡಿಯ ತಟ್ಟೆಗಳು ತುಂಡುಗಳ ಸಮೇತ ವಾಪಸ್ ಬರತೊಡಗಿದವು. ಬೇರೆಯವರ ತಟ್ಟೆಯಲ್ಲಿ ಉಳಿದದ್ದನ್ನು ಅಕ್ಕ ಆಯಾ ಅಂಗಡಿಯವರಿಗೆ ತಿಳಿಸುತ್ತಿದ್ದರು. ಗಂಡನಿಗೆ ಹೇಳಲು ನಾಲಿಗೆ ಏಳಲಿಲ್ಲ. ಕಿಟಕಿಗೆ ಅವರ ತಟ್ಟೆ ಬಂದರೆ ಸಾಕು, ಮಿಕ್ಕ ಕೆಲಸ ಬಿಟ್ಟು ಮೊದಲು ಅದನ್ನು ಬಳಿದು ಡ್ರಮ್ಮಿನ ತಳಕ್ಕೆ ತಳ್ಳಿ, ಮೇಲೆ ತರಕಾರಿ ಸಿಪ್ಪೆ ಮುಚ್ಚುತ್ತಿದ್ದರು. ಸಂಜೆ ಯಜಮಾನರು, "ಜನ ಏನಂತಾರೆ?" ಎಂದರೆ, "ಏನೂ ಅನ್ನಲ್ಲ, ತಿಂತಾರೆ," ಎನ್ನುತ್ತಿದ್ದರು. ದಿನ ಕಳೆದಂತೆ ಅಂಗಡಿಯ ಮುಂದೆ ಜನ ತೆಳುವಾದರು. ಮೇಡಂ ಎರಡು ಸಲ ಆ ಮೂಲೆಯ ಕಡೆ ನೋಡಿ ಹೋದರು.

ನಾಲ್ಕು ತಿಂಗಳು ಹೀಗೇ ನಡೆಯಿತು. ಸಮಸ್ಯೆ ಏನೆಂದು ಅಕ್ಕನಿಗೆ ಅಷ್ಟರಲ್ಲಿ ತಿಳಿದಿತ್ತು. "ಮಾಂಸ ತಿನ್ನೋರಿಗೆ ಅದು ಮಾಂಸ ಅಲ್ಲ. ತಿನ್ನದೋರಿಗೆ ಅದು ಮಾಂಸವೇ. ಇಬ್ರೂ ಪಕ್ಕಕ್ಕೆ ಸರಿಸೋರು. ಆದ್ರೆ ಗೊಜ್ಜು ಮಾತ್ರ ಒಬ್ರೂ ಬಿಡ್ತಿರ್ಲಿಲ್ಲ. ಬ್ರೆಡ್ಡಲ್ಲಿ ಒರೆಸಿ, ಬ್ರೆಡ್ಡು ಮುಗಿದ್ರೆ ಬೆರಳಲ್ಲಿ ಒರೆಸಿ ತಿನ್ನೋರು." ಇಷ್ಟನ್ನು ಬಾಯಿಬಿಟ್ಟು ಹೇಳಬೇಕಿತ್ತು. ಆದರೆ ಒಂದು ದಿನವೂ ತಿನ್ನದವಳು ಯಾವ ಬಾಯಿಂದ ಹೇಳುವುದು?

ಕೊನೆಗೆ ಒಂದು ಮಧ್ಯಾಹ್ನ ಅಕ್ಕ ಬಳಿಯುವುದನ್ನು ನಿಲ್ಲಿಸಿದರು. ಗಂಡನ ಅಂಗಡಿಯಿಂದ ಬಂದ ತಟ್ಟೆಗಳನ್ನೆಲ್ಲ ಬಂದ ಹಾಗೇ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಊಟದ ಹೊತ್ತು ಮುಗಿದ ಮೇಲೆ ಅವರನ್ನು ಒಳಗೆ ಕರೆದರು. ಯಜಮಾನರು ಒಂದೊಂದನ್ನೇ ನೋಡುತ್ತ ಕಟ್ಟೆಯ ಕೊನೆಯವರೆಗೂ ನಡೆದರಂತೆ.

"ಯಾವತ್ತಿಂದ ಹೀಗೆ?"

"ಮೊದಲ್ನೇ ದಿನದಿಂದ."

"ನೀನು ತಿಂದಿದ್ದು?"

ಅಕ್ಕ ಕಸದ ಡ್ರಮ್ಮಿನ ಕಡೆ ನೋಡಿದರು. ಅದೇ ಉತ್ತರವಾಯಿತು. ಅವರು ಬೈಯಲಿಲ್ಲ, ಕೂಗಾಡಲಿಲ್ಲ. "ಇನ್ನು ನೀನು ಚೆನ್ನಾಗಿದೆ ಅಂದ್ರೆ ನಾನು ಹೇಗೆ ನಂಬ್ಲಿ?" ಎಂದಷ್ಟೇ ಹೇಳಿ ಹೊರಟುಹೋದರು. ಆ ಸಂಜೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಒಂದೇ ಮನೆಗೆ ಹೋದರು. "ಹೊಡೆದಿದ್ರೂ ಅಷ್ಟು ನೋಯ್ತಿರ್ಲಿಲ್ಲ," ಎನ್ನುತ್ತಾರೆ ಅಕ್ಕ. ಗಂಡನ ಮುಖ ಬಾಡಬಾರದೆಂದು ಮುಚ್ಚಿಟ್ಟದ್ದೇ ಅವರ ಮುಖ ಬಾಡಿಸಿತ್ತು.

ಮಾರನೆಯ ದಿನ ಯಜಮಾನರು ಗ್ಯಾಸ್ ಖಾಲಿ ಎಂದು ಬೋರ್ಡು ತೂಗುಹಾಕಿ, ಅಂಗಡಿ ತೆರೆಯದೆ, ಕಿಟಕಿಯ ಒಳಬದಿಯಲ್ಲಿ ಸ್ಟೂಲು ಹಾಕಿ ಕೂತರು. ಬೇರೆಯವರ ತಟ್ಟೆಗಳನ್ನು ನೋಡುತ್ತ ಸಂಜೆಯವರೆಗೂ ಕೂತರು. ಅದಾದ ಎರಡು ದಿನಕ್ಕೆ ತುಂಡುಗಳು ಮಾಯವಾದವು. ಎಳೆಯ ಬದನೆಕಾಯಿಗಳನ್ನು ಇಡಿಯಾಗಿ, ಸಿಪ್ಪೆ ಸುಕ್ಕುಗಟ್ಟುವವರೆಗೆ ಸಣ್ಣ ಉರಿಯಲ್ಲಿ ಹುರಿದು ಅದೇ ಗೊಜ್ಜಿಗೆ ಹಾಕಿದರು. ಮಾಂಸದ ವೇಷವಿಲ್ಲ, ಬದನೆಕಾಯಿ ಬದನೆಕಾಯಿಯ ಹಾಗೇ ಇತ್ತು. ನಾನೂ ತಿಂದಿದ್ದೇನೆ. ಚಮಚ ತಾಗಿಸಿದರೆ ಬಿಟ್ಟುಕೊಳ್ಳುತ್ತದೆ, ನಾಲಿಗೆಗೆ ಖಾರ ಆಮೇಲೆ ಗೊತ್ತಾಗುತ್ತದೆ. ಅದನ್ನು ತಿಂದ ದಿನ ಮನೆಯಲ್ಲಿ ರಾತ್ರಿಯೂಟ ಬೇಡವೆಂದು ಹೇಳಿ ಬೈಸಿಕೊಂಡಿದ್ದೇನೆ.

ಗಂಡ ಹೆಂಡತಿ ಈಗ ಮಾತಾಡುತ್ತಾರೆ. ಉಪ್ಪು ತರಬೇಕು, ಬಸ್ಸು ಬಂತು, ಮಗಳು ಫೋನ್ ಮಾಡಿದ್ದಳು, ಎಲ್ಲ ಮಾತೂ ಆಗುತ್ತದೆ. ಬದನೆಕಾಯಿಯ ಮಾತು ಮಾತ್ರ ಇಲ್ಲ. ರುಚಿ ನೋಡಿದಿರಾ ಎಂದು ಕೇಳಿದೆ. "ಅವ್ರು ಕೊಡ್ಲಿಲ್ಲ, ನಾನು ಕೇಳ್ಲಿಲ್ಲ," ಎಂದು ಅಕ್ಕ ಸ್ಪಂಜು ಹಿಂಡುತ್ತಾರೆ.

ಮಧ್ಯಾಹ್ನವಾಗುತ್ತದೆ. ಗದ್ದಲ ಏರುತ್ತದೆ. ಕಿಟಕಿಯ ಸಂದಿಯಿಂದ ಅಕ್ಕನೂ ನಾನೂ ಕಣ್ಣು ಹಾಯಿಸುತ್ತೇವೆ. ಮ್ಯಾನೇಜರ್ ಮೇಡಂ ಮೂಲೆ ಅಂಗಡಿಯ ಸಾಲಿನಲ್ಲಿ ಎಲ್ಲರ ಹಾಗೆ ನಿಂತು, ತಟ್ಟೆ ತೆಗೆದುಕೊಂಡು, ಹೋಗಿ ಕೂರುತ್ತಾರೆ. ಅವರು ತಿನ್ನುವಷ್ಟು ಹೊತ್ತು ಅಕ್ಕ ಸ್ಪಂಜು ಹಿಡಿದೇ ನಿಲ್ಲುತ್ತಾರೆ. ತಟ್ಟೆಗಳು ಕಿಟಕಿಯಲ್ಲಿ ರಾಶಿ ಬೀಳುತ್ತವೆ, ಯಾರೋ ಚಮಚ ಬಡಿದು ಕರೆಯುತ್ತಾರೆ. ಮೇಡಂ ಎದ್ದು, ಮೂಲೆ ಅಂಗಡಿಯ ಮುಂದೆ ನಿಂತು ಒಂದು ಮಾತಾಡಿ, ತಮ್ಮ ತಟ್ಟೆಯನ್ನು ತಾವೇ ತಂದು ಅಕ್ಕನ ಕೈಗೆ ಕೊಡುತ್ತಾರೆ. ಬದನೆಕಾಯಿಯ ತೊಟ್ಟು ಬಿಟ್ಟರೆ ತಟ್ಟೆಯಲ್ಲಿ ಏನೂ ಇಲ್ಲ.

"ಅಕ್ಕಾ, ಇನ್ನೊಂದು ವರ್ಷಕ್ಕೆ ಬರೆದ್ಕೊಟ್ಟಿದೀನಿ ಅಂತ ನಿಮ್ಮ ಯಜಮಾನ್ರಿಗೆ ಹೇಳ್ದೆ. ಸರೀನಾ?"

ಅಕ್ಕ ತಲೆಯಾಡಿಸುತ್ತಾರೆ. ಒದ್ದೆ ಕೈಯ ಹಿಂಭಾಗದಿಂದ ಕಣ್ಣೊರೆಸಿಕೊಂಡು, ಸೋಪು ಹೋಗಿ ಇನ್ನಷ್ಟು ಉರಿಸಿಕೊಂಡು, "ಥೂ ಇದರ!" ಎಂದು ಮುಖ ತೊಳೆಯುತ್ತಾರೆ.

ಜನ ಕರಗಿ, ಮೇಜುಗಳು ಖಾಲಿಯಾಗುವ ಹೊತ್ತಿಗೆ ಕಿಟಕಿಯ ಹೊರಗೆ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ತಲೆಗೆ ಬಟ್ಟೆ ಕಟ್ಟಿದ, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಎತ್ತರದ ಮನುಷ್ಯ. ಅಕ್ಕ ತಲೆ ಎತ್ತದೆ ಅಭ್ಯಾಸಬಲದಿಂದ ಕೈ ಚಾಚಿ ತಟ್ಟೆ ಎಳೆದುಕೊಳ್ಳುತ್ತಾರೆ. ಭಾರಕ್ಕೆ ಕೈ ತಡೆಯುತ್ತದೆ. ತುಂಬಿದ ತಟ್ಟೆ. ಎರಡು ಬದನೆಕಾಯಿ, ಮೇಲೆ ಗೊಜ್ಜು, ಒಂದು ಬದಿಗೆ ಬ್ರೆಡ್ಡು, ಇನ್ನೂ ಹಬೆಯಾಡುತ್ತಿದೆ. ಇಷ್ಟು ವರ್ಷಗಳಲ್ಲಿ ಆ ಕಿಟಕಿಯಿಂದ ತುಂಬಿದ ತಟ್ಟೆ ಒಳಗೆ ಬಂದದ್ದು ಇದೇ ಮೊದಲು.

ಯಜಮಾನರು ಬೇರೆಲ್ಲೋ ನೋಡುತ್ತ ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸುತ್ತ ನಿಲ್ಲುತ್ತಾರೆ. ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು, ನಮ್ಮಿಬ್ಬರಿಗೂ ಬೆನ್ನು ಹಾಕಿ, ತೊಟ್ಟಿಗೆ ಒರಗಿ ನಿಂತು ತಿನ್ನತೊಡಗುತ್ತಾರೆ. ಸಾಕಷ್ಟು ಹೊತ್ತಾಗುತ್ತದೆ. ಕೊನೆಗೆ ತಿರುಗಿ, ತಟ್ಟೆಯನ್ನು ಕಿಟಕಿಯಿಂದ ಹೊರಗೆ ಚಾಚುತ್ತಾರೆ.

ಯಜಮಾನರು ಅದನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾರೆ.

"ಏನೇ, ಆಗ್ಲೇ ತೊಳೆದುಬಿಟ್ಯಾ?"

"ಇಲ್ಲ ರೀ, ತಿಂದೆ."